ಮಾಮಾನ ದೋಣಿ ಎಂಜಿನ್ನು

ನಮ್ಮ ಮಾಮಾ ಹುಟ್ಟುವಾಗ ಸೂಲಗಿತ್ತಿ ಇದ್ದಳೆಂದು ನಮ್ಮವ್ವ ಹೇಳುತ್ತಾಳೆ. ನಾನು ನಂಬುವುದಿಲ್ಲ. ಆ ಮನುಷ್ಯ ತನ್ನ ಹೊಕ್ಕಳಬಳ್ಳಿಯನ್ನು ತಾನೇ ಕೊಯ್ದುಕೊಂಡು, "ನೀ ಯಾಕ ಬರಾಕ ಹೋದಿ? ನಡಿ, ನಾ ನೋಡ್ಕೋತೀನಿ" ಎಂದು ಆಕೆಯನ್ನು ಬಾಗಿಲಿನಿಂದಲೇ ಹೊರಳಿಸಿ ಕಳಿಸಿರಬೇಕು! ಯಾಕಂದರೆ ನನಗೆ ತಿಳಿದಾಗಿನಿಂದ ಅವನು ಯಾವ ಕೆಲಸಕ್ಕೂ ಹೊರಗಿನ ಒಬ್ಬನೇ ಒಬ್ಬನನ್ನು ಮನೆಗೆ ಕರೆಸಿದವನಲ್ಲ. ಬಡಿಗ ಬೇಡ, ಗೌಂಡಿ ಬೇಡ, ಡಾಕ್ಟರನಂತೂ ಬೇಡವೇ ಬೇಡ. ಜಿಪುಣ ಎನ್ನೋಣವೇ? ಬಂದವರ ಗಂಗಾಳಕ್ಕೆ ತುಪ್ಪ ಬಡಿಸುವಾಗ "ಸಾಕು ಸಾಕು" ಅಂದರೂ ಅವನ ಕೈ ನಿಲ್ಲುತ್ತಿರಲಿಲ್ಲ. ಹಾಗಾದರೆ ಇದೇನು ರೋಗ? ಪೂರ್ತಿ ಕೇಳಿ ನೀವೇ ಹೇಳ್ರಿ.

ನಾನು ವಳಸಂಗದ ಕನ್ನಡ ಸಾಲಿಗೆ ಮಾಸ್ತರನಾಗಿ ಹೋದದ್ದು ಜತ್ತ ಸಂಸ್ಥಾನ ಮುರಿದ ಮರುವರ್ಷ. ಊರಲ್ಲಿ ತನ್ನ ಸ್ವಂತ ತಮ್ಮನ ಮನೆ ಇರುವಾಗ ಮಗ ಬೇರೆ ಬಿಡಾರ ಹೂಡಿದರೆ ಅವ್ವ ಸುಮ್ಮನೆ ಬಿಡುತ್ತಿದ್ದಳೇ? ಅಲ್ಲಿಯೇ ಉಂಡೆ, ಅಲ್ಲಿಯೇ ಮಲಗಿದೆ. ಮನೆಯಲ್ಲಿ ಮೂರೇ ಜನ: ಮಾಮಾ, ಅವನ ಹೆಂಡತಿ ಅಂದರೆ ನಮ್ಮ ಅತ್ತಿ, ಮತ್ತು ನಾನು. ಅವರಿಗೆ ಮಕ್ಕಳಿರಲಿಲ್ಲ.

ನಾನು ಹೋಗಿ ತಿಂಗಳೊಪ್ಪತ್ತಿನಲ್ಲೇ ಮಾಮಾನ ದವಡೆಹಲ್ಲು ನೋಯತೊಡಗಿತು. ಜತ್ತಿನಲ್ಲಿ ಹಲ್ಲು ಕೀಳುವವನೊಬ್ಬ ಇದ್ದ, ಹೋಗೋಣ ನಡಿ ಅಂದೆ. "ನನ್ನ ಬಾಯಾಗಿನ ಸಂಗತಿ ಅವನಿಗೇನ ಗೊತ್ತೋ? ಹುಟ್ಟಿದಾಗಿಂದ ಈ ಬಾಯಿ ಜೋಡಿ ಬಾಳೇವು ಮಾಡಾಂವ ನಾನು!" ಎಂದು ಇಕ್ಕಳ ಹಿಡಿದುಕೊಂಡು ಕನ್ನಡಿಯ ಮುಂದೆ ಕುಂತ. ಅರ್ಧ ತಾಸು ಗುದ್ದಾಡಿದ. ಹಲ್ಲು ಬಂತು, ನೋವು ಇದ್ದಲ್ಲೇ ಉಳಿಯಿತು! ಕಿತ್ತದ್ದು ಮಗ್ಗುಲಿನ ಗಟ್ಟಿ ಹಲ್ಲು. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಮಾಮಾ ರಕ್ತ ಉಗುಳಿ, "ನಗಬ್ಯಾಡ ಮಾಸ್ತರ. ಇವತ್ತಿಲ್ಲ ನಾಳಿ ಅದೂ ನೋಯೂದೇ ಇತ್ತು" ಎಂದು ಮತ್ತೆ ಇಕ್ಕಳ ಬಾಯಿಗೆ ಹಾಕಿದ.

ಮಾಳಿಗಿ ಸೋರಿದಾಗಲೂ ಇದೇ ಕಥೆ. ಗೌಂಡಿಯನ್ನು ಕರೆಸದೆ ತಾನೇ ಮೇಲೆ ಹತ್ತಿ ಎರಡು ದಿನ ಮಣ್ಣು ತುಳಿದ. ಮೂರನೆಯ ದಿನ ಮಳೆ ಬಂತು. ಅಡಿಗೆಮನೆಯಲ್ಲಿ ಒಂದು ಹನಿ ಬೀಳಲಿಲ್ಲ, ಖರೆ. ಬಿದ್ದದ್ದು ಹಾಸಿಗೆಯ ಮೇಲೆ! ಅತ್ತಿ ಸಿಟ್ಟಾಗುವವಳಲ್ಲ. ಗಂಗಾಳ, ಚರಿಗಿ, ಕೊಳಗ ಎಲ್ಲ ಹೊತ್ತುಕೊಂಡು ಬರುತ್ತ, "ಮೊದಲ ಭಾಳ ಚಲೋ ಇತ್ತು ನೋಡ್ರಿ. ಅಡಗಿಮನ್ಯಾಗ ಸೋರತಿತ್ತು, ಭಾಂಡೆ ಕೈಗೇ ಸಿಗತಿದ್ದೂ" ಎಂದಳು.

ಈ ಮನುಷ್ಯ ಒಂದು ದಿನ ಮೀರಜಕ್ಕೆ ಹೋಗಿ ಎಂಜಿನ್ ತಂದ.

ಎಂಜಿನ್ ಯಾಕೆ ಬೇಕಾಯಿತು ಎಂಬುದನ್ನು ಮೊದಲು ಹೇಳುತ್ತೇನೆ. ಬಾವಿಯ ಮಗ್ಗುಲಲ್ಲಿ ಅತ್ತಿಯ ಎಲಿಬಳ್ಳಿ ತೋಟ, ಅಂದರೆ ವೀಳ್ಯದೆಲೆಯ ತೋಟ ಇತ್ತು. ಮಾಮಾನದಲ್ಲ, ಅತ್ತಿಯದು. ಆಸರೆಗೆ ಹಚ್ಚಿದ ಚೊಗಚಿ ಗಿಡಕ್ಕೆ ಒಂದೊಂದು ಬಳ್ಳಿಯನ್ನೂ ಅವಳೇ ಹಬ್ಬಿಸಿದ್ದಳು, ಅವಳೇ ಕಟ್ಟಿದ್ದಳು. ಬೆಳಗಾದರೆ ತೋಟಕ್ಕೆ ಹೋಗಿ ಸಾಲಿನಿಂದ ಸಾಲಿಗೆ ಅಡ್ಡಾಡುತ್ತ ಬಳ್ಳಿಗಳ ಜೋಡಿ ಮಾತಾಡುತ್ತಿದ್ದಳು. ನಾನೇ ಕೇಳಿದ್ದೇನೆ. ನಮ್ಮ ಕಡೆಯ ಬಿಸಿಲು ನಿಮಗೆ ಗೊತ್ತಲ್ಲ! ಬ್ಯಾಸಿಗೆಯಲ್ಲಿ ಹತ್ತು ದಿನ ನೀರು ತಪ್ಪಿತೆಂದರೆ ಎಲಿಬಳ್ಳಿ ಬೇರಿನ ತನಕ ಒಣಗುತ್ತದೆ, ಮತ್ತೆ ಚಿಗಿಯುವುದಿಲ್ಲ. ಎತ್ತುಗಳಿಗೆ ವಯಸ್ಸಾಗಿ ಎಂಟಾಳು ಆಳದ ಬಾವಿಯಿಂದ ನೀರು ಜಗ್ಗುವುದು ಆಗದಂತಾಗಿತ್ತು. ಅದಕ್ಕೇ ಎಂಜಿನ್.

ಹಳೇ ಕಬ್ಬಿಣದ ಅಂಗಡಿಯಿಂದ ಅದನ್ನು ಬಂಡಿಯಲ್ಲಿ ಹೇರಿಕೊಂಡು ಬಂದ ಮಾಮಾನ ಮುಖ ನೋಡಬೇಕಿತ್ತು. ಮದುಮಗನಿಗೂ ಅಷ್ಟು ಕಳೆ ಇರುವುದಿಲ್ಲ!

"ಮಾಸ್ತರ, ಇದು ಎಲ್ಲಿದ್ದ ಎಂಜಿನ್ನು ಗೊತ್ತೈತೇನು? ಕೊಂಕಣದಾಗ, ಸಮುದ್ರದಾಗ, ದೋಣಿಗೆ ಕುಂತಿದ್ದು!"

"ಅಲ್ಲೋ ಮಾಮಾ, ವಳಸಂಗದಾಗ ದೋಣಿ ಎಲ್ಲಿ ಬಿಡತಿ?"

"ಸಾಲಿ ಕಲಿಸಿ ಕಲಿಸಿ ನಿನ್ನ ತಲಿ ಕೆಟ್ಟೈತಿ. ಹೊಲದ ಎಂಜಿನ್ನು ನೀರಿನ ಮಾರಿ ನೋಡಿರತೈತೇನು? ಇದು ಹುಟ್ಟಿದಾಗಿಂದ ನೀರಾಗ ಇದ್ದದ್ದು. ಇದಕ್ಕ ನೀರಿನ ಖೂನ ಗುರ್ತು ಐತಿ. ಬಾವ್ಯಾಗ ಇಳಿಸಿದ್ರ ತಾನೇ ಹುಡುಕಿ ಹಿಡಿತೈತಿ."

ದೋಣಿಯನ್ನೇ ಕಾಣದ ಸೀಮೆ ನಮ್ಮದು. ಮುಚ್ಚಂಡಿಯಿಂದ, ಕರಜಗಿಯಿಂದ ಜನ ಬುತ್ತಿ ಕಟ್ಟಿಕೊಂಡು ಬಂದು ಎಂಜಿನ್ ನೋಡಿ ಹೋದರು. ಒಬ್ಬ ಮುದುಕಿ ಅದಕ್ಕೆ ಕುಂಕುಮ ಹಚ್ಚಿ, ಕೈ ಮುಗಿದು, "ಇದರ ಜೋಡಿ ಮೀನ ಬಂದಿಲ್ಲೇನ್ರಿ?" ಎಂದು ಕೇಳಿದಳು. ಮಾಮಾ ನಗದೆ, "ಅವನ್ನ ಬಿಟ್ಟ ಬಂದೈತ್ರಿ ಯವ್ವಾ, ಪಾಪ" ಎಂದ.

ಅದಕ್ಕೊಂದು ಉದ್ದ ಹಿಡಿಕೆ ಇತ್ತು. ಈ ಕಡೆ ದೂಡಿದರೆ ದೋಣಿ ಮುಂದೆ, ಆ ಕಡೆ ದೂಡಿದರೆ ಹಿಂದೆ. ನಮ್ಮ ಬಾವಿ ಹಿಂದಕ್ಕೆ ಹೋಗಬೇಕಾಗಿಲ್ಲವಲ್ಲ ಮಾಮಾ, ಅದನ್ನು ತೆಗೆದುಬಿಡು ಅಂದೆ. "ಇರಲಿ. ಯಾವಾಗ ಏನ ಬೇಕಾದೀತು, ಯಾರ ಕಂಡಾರ?" ಎಂದ.

ಎಂಜಿನ್ ಕೂಡಿಸಲಿಕ್ಕೂ ಯಾವ ಮಿಸ್ತ್ರಿಯನ್ನೂ ಕರೆಸಲಿಲ್ಲ. ಮೇಲೆ ಇಟ್ಟರೆ ಅಷ್ಟು ಆಳದ ನೀರು ಏರುವುದಿಲ್ಲವೆಂದು ಬಾವಿಯ ಒಳಗೆ, ಐದಾಳು ಕೆಳಗೆ, ಬಂಡೆ ಕಡಿದು ಕಟ್ಟೆ ಮಾಡಿದ. ಓಣಿಯವರ ಕೈಯಿಂದ ಹಗ್ಗ ಹಿಡಿಸಿ ಎಂಜಿನ್ನನ್ನು ಅಲ್ಲಿಗೆ ಇಳಿಸಿದ. ಹೊಗೆ ಮೇಲೆ ಹೋಗಲೆಂದು ಎಣ್ಣೆಡಬ್ಬಿಯ ತಗಡು ಸುತ್ತಿ, ತುಂಡಿಗೆ ತುಂಡು ಜೋಡಿಸಿ, ಉದ್ದ ಕೊಳವೆ ಮಾಡಿ ಬಾವಿಯ ಬಾಯಿಯ ತನಕ ನಿಲ್ಲಿಸಿದ. ಎಲ್ಲ ಮುಗಿದ ಮೇಲೆ ಒಂದು ಬುಟ್ಟಿ ಸಾಮಾನು ಉಳಿದಿತ್ತು! "ಇವು ಸಮುದ್ರಕ್ಕ ಬೇಕಾಗೂವು" ಎಂದು ಅಟ್ಟಕ್ಕೆ ಹಾಕಿದ. ಅದರಲ್ಲಿನ ಒಂದು ಹಿತ್ತಾಳೆ ಬಳೆಯನ್ನು ಅತ್ತಿ ಗಡಿಗೆಗೆ ಸಿಂಬಿ ಮಾಡಿಕೊಂಡಳು.

ಇಷ್ಟಾದರೂ ಎಂಜಿನ್ ಹೊರಟಿತು ಅಂದರೆ ನಂಬುತ್ತೀರಾ? ಡಬ್ ಡಬ್ ಎಂದು ಇಡೀ ಊರಿಗೆ ಕೇಳುವಂತೆ ಹೊರಟಿತು, ನೀರೂ ಬಂತು. ಎರಡು ವರ್ಷ ಬಂತು. ನಡುನಡುವೆ ನಿಲ್ಲುತ್ತಿತ್ತು. ಮಾಮಾ ಇಳಿದು ಬೈದು, ಬಡಿದು, ಒರೆಸಿ ಬರುತ್ತಿದ್ದ. ಮತ್ತೆ ಹೊರಡುತ್ತಿತ್ತು. ಮೂರನೆಯ ಬ್ಯಾಸಿಗೆಯಲ್ಲಿ, ಉರಿಬಿಸಿಲಿನ ಒಂದು ಮುಂಜಾನೆ, ನಿಂತದ್ದು ಹೊರಡಲೇ ಇಲ್ಲ.

ಮೊದಲ ದಿನ ಬಿಚ್ಚಿದ. ಎರಡನೆಯ ದಿನ ಜೋಡಿಸಿದ. ಮೂರನೆಯ ದಿನ ಮತ್ತೆ ಬಿಚ್ಚಿದ. ನನಗೆ ತಡೆಯಲಿಲ್ಲ.

"ಮಾಮಾ, ಮೀರಜದಿಂದ ಮಿಸ್ತ್ರಿನ್ನ ಕರಸೂಣ. ಬಳ್ಳಿ ಬಾಡಾಕತ್ತಾವು."

"ಮಿಸ್ತ್ರಿ ಬಂದ್ರ ಏನ ಮಾಡತಾನ?"

"ಬಿಚ್ಚತಾನ."

"ನನಗ ಬಿಚ್ಚಾಕ ಬರತೈತಿ. ಆಮ್ಯಾಲ?"

"ನೋಡತಾನ."

"ನನಗೂ ಎರಡು ಕಣ್ಣ ಅದಾವು. ಆಮ್ಯಾಲ?"

"ಜೋಡಸತಾನ. ಅವ ಜೋಡಿಸಿದ ಮ್ಯಾಲ ಅದು ಚಾಲೂ ಆಕೈತಿ ಮಾಮಾ!"

ಮಾಮಾ ಬೆರಳು ಮಡಚಿ ಲೆಕ್ಕ ಹಾಕಿ, "ಅಂದ್ರ ಅದೊಂದು ಬಿಟ್ಟು ಬಾಕಿ ಎಲ್ಲಾ ನನಗ ಬಂದಂಗಾತು!" ಎಂದು ಇಕ್ಕಳ ಎತ್ತಿಕೊಂಡು ಮತ್ತೆ ಬಾವಿಗಿಳಿದ. ಇಂಥವನ ಜೋಡಿ ಏನು ವಾದ ಮಾಡುತ್ತೀರಿ?

ಅತ್ತಿ ವಾದ ಮಾಡಲಿಲ್ಲ. ಆ ರಾತ್ರಿ ಊಟಕ್ಕೆ ಕುಂತಾಗ ಮಾಮಾನ ಗಂಗಾಳದಲ್ಲಿ ರೊಟ್ಟಿಯ ಮಗ್ಗುಲಿಗೆ ಒಂದು ಹಳದಿಯಾದ ಎಲೆ ಇತ್ತು. ಮಾಮಾ ಅದನ್ನು ಬದಿಗೆ ಸರಿಸಿ ಉಂಡ. ಮರುದಿನ ಎರಡು ಎಲೆ. ಅದರ ಮರುದಿನ ಕೈಯಲ್ಲಿ ಹಿಡಿದರೆ ಪುಡಿಯಾಗುವಂಥ ಎಲೆ. ಆರನೆಯ ದಿನ ಗಂಗಾಳದಲ್ಲಿ ಒಂದು ಇಡೀ ಕುಡಿ, ಬಾಡಿ ಕರ್ರಗಾದದ್ದು, ಸುರುಳಿ ಸುತ್ತಿ ಇಟ್ಟಿತ್ತು. ರೊಟ್ಟಿಯೂ ಇರಲಿಲ್ಲ, ಪಲ್ಯವೂ ಇರಲಿಲ್ಲ. ಅತ್ತಿ ಒಲೆಯ ಮುಂದೆ ಆ ಕಡೆ ಮುಖ ಮಾಡಿ ಕುಂತಿದ್ದಳು. ಅಳುತ್ತಿದ್ದಳೋ ಏನೋ, ಸದ್ದು ಬರಲಿಲ್ಲ. ಮಾಮಾ ಆ ಕುಡಿಯನ್ನು ಎತ್ತಿ ಅಂಗಿಯ ಕಿಸೆಯಲ್ಲಿಟ್ಟುಕೊಂಡ.

"ಕರಸೋ ಮಾಸ್ತರ ನಿನ್ನ ಮಿಸ್ತ್ರಿನ್ನ" ಎಂದ.

ನಾನು ಗೆದ್ದೆ! ಅವತ್ತು ನನಗೆ ಆದ ಖುಷಿ ಈಗ ನೆನೆಸಿದರೆ ನಾಚಿಕೆ ಬರುತ್ತದೆ. ಬೆಳಗಿನ ಬಸ್ಸಿಗೆ ನಾನೇ ಹೋಗಿ, ಮರುದಿನದ ಬಸ್ಸಿಗೆ ಮಿಸ್ತ್ರಿಯನ್ನು ಕರೆದುಕೊಂಡು ಬಂದೆ. ಇಪ್ಪತ್ತೈದು ಇಪ್ಪತ್ತಾರು ವರ್ಷದವನು, ತೆಳ್ಳಗಿನವನು, ಮರಾಠಿ ಕನ್ನಡ ಎರಡನ್ನೂ ಕೂಡಿಸಿ ಮಾತಾಡುವವನು. ಊರೇ ಬಾವಿಯ ಸುತ್ತ ಕೂಡಿತ್ತು. ಎಂಜಿನ್ ನೋಡಲಿಕ್ಕಲ್ಲ, ಮಾಮಾ ಕರೆಸಿದ ಮನುಷ್ಯ ಹೆಂಗಿದ್ದಾನೆಂದು ನೋಡಲಿಕ್ಕೆ!

ಮಿಸ್ತ್ರಿ, ಮಾಮಾ ಇಬ್ಬರೂ ಕೆಳಗಿಳಿದರು. ಎರಡು ತಾಸಿನಲ್ಲಿ ಮಿಸ್ತ್ರಿ ಎಲ್ಲ ಸರಿಮಾಡಿದ. ಒಂದೇ ಒಂದು ತೊಡಕು ಉಳಿಯಿತು. ಎಂಜಿನ್ನಿಗೆ ಎಣ್ಣೆ ಬಿಡುವ ಕಡ್ಡಿಯ ಸ್ಪ್ರಿಂಗ್ ಮುರಿದಿತ್ತು. ಅದಿಲ್ಲದಿದ್ದರೆ ಕಡ್ಡಿ ಕೆಳಗೆ ಬೀಳುತ್ತದೆ, ಎಣ್ಣೆ ನಿಲ್ಲುತ್ತದೆ, ಎಂಜಿನ್ ಆರುತ್ತದೆ. ದೋಣಿ ಎಂಜಿನ್ನಿನ ಸ್ಪ್ರಿಂಗ್ ಸಿದ್ಧ ಸಿಗುವಂಥದ್ದಲ್ಲ. ಮೇಲೆ ಬಂದು ಕೈ ಒರೆಸಿಕೊಳ್ಳುತ್ತ ಮಿಸ್ತ್ರಿ, "ಹೇಳಿ ಮಾಡಿಸಿ ತರಬೇಕ್ರಿ ಮಾಲಕರ. ನಾಕ ದಿನ ಬೇಕು" ಎಂದ.

ಅತ್ತಿಯ ಕಡೆ ಯಾರೂ ನೋಡಲಿಲ್ಲ. ನಾಲ್ಕು ದಿನ ತಡೆಯುವ ಹಂಗಿದ್ದರೆ ಇದೆಲ್ಲ ಯಾಕೆ ಬೇಕಿತ್ತು?

"ಕಡ್ಡೀನ ಕೈಲೆ ಎತ್ತಿ ಹಿಡದ್ರ?" ಎಂದು ಮಾಮಾ ಕೇಳಿದ.

"ನಡಿತೈತ್ರಿ. ಆದ್ರ ಹಿಡದಾಂವ ಅಲ್ಲೇ ಕುಂದರಬೇಕು. ಇವತ್ತಿನ ಮಟ್ಟಿಗೆ ನಾ ಕುಂದರತೀನ್ರಿ, ಅದು ನನ್ನ ಕೆಲಸ."

"ಮಕ್ಕಳೆಷ್ಟು ನಿನಗ?"

ಮಿಸ್ತ್ರಿ ಗಲಿಬಿಲಿಯಾದ. "ಎರಡ್ರಿ. ಮೂರನೇದ್ದಕ್ಕ ದಿನ ತುಂಬ್ಯಾವ್ರಿ."

"ಹಂಗಾರ ನೀ ಆ ಗಿಡದ ಬುಡಕ ಕುಂದರು ತಮ್ಮಾ. ಕೆಳಗ ಹೊಗಿ ಬಡಿತೈತಿ, ಆ ಕೊಳವಿ ಅಷ್ಟ ಚಲೋ ಆಗಿಲ್ಲ. ಸ್ಪ್ರಿಂಗ್ ಬರೂತನಕ ನಾನೇ ಸ್ಪ್ರಿಂಗ್."

ಊರೆಲ್ಲ ಹೋ ಎಂದು ನಕ್ಕಿತು. ಕರೆಸಿದ ಮಿಸ್ತ್ರಿಯನ್ನು ನೆರಳಿಗೆ ಕೂಡಿಸಿ, ಕೈಗೆ ರೊಟ್ಟಿ ಕೊಟ್ಟು, ತಾನು ಬಾವಿಗಿಳಿಯುವ ಮಾಲಕನನ್ನು ಎಲ್ಲಿಯಾದರೂ ಕಂಡಿದ್ದೀರಾ? ಎಲ್ಲರಿಗಿಂತ ಜೋರಾಗಿ ನಾನೇ ನಕ್ಕೆ.

ಬಾವಿಗಿಳಿಯುವ ಮೊದಲು ಕಂದೀಲು ಬಿಟ್ಟು ನೋಡುವುದು ನಮ್ಮಲ್ಲಿ ಹಿಂದಿನಿಂದ ಬಂದದ್ದು. ಒಳಗೆ ಕೆಟ್ಟ ಗಾಳಿ ಇದ್ದರೆ ದೀಪ ಆರುತ್ತದೆ, ಆಗ ಯಾರೂ ಇಳಿಯುವುದಿಲ್ಲ. ಮಾಮಾ ಕಂದೀಲನ್ನು ಹಗ್ಗಕ್ಕೆ ಕಟ್ಟಿ ಇಳಿಬಿಟ್ಟ. ದೀಪ ನೆಟ್ಟಗೆ ಉರಿಯಿತು. "ಇದು ಆರಿದ್ರ ಮ್ಯಾಲ ಬರತೀನಿ, ಆತಿಲ್ಲೋ?" ಎಂದು ಕೆಳಗಿಳಿದು ಅದನ್ನು ಮಗ್ಗುಲಲ್ಲೇ ಇಟ್ಟುಕೊಂಡು ಕುಂತ.

ಎಂಜಿನ್ ಹೊರಟಿತು, ನೀರು ಬಂತು! ಅತ್ತಿ ಸೆರಗು ಸಿಕ್ಕಿಸಿ ಸಲಿಕೆ ಹಿಡಿದು ತೋಟಕ್ಕೆ ಓಡಿದಳು. ಸಾಲಿನಿಂದ ಸಾಲಿಗೆ ನೀರು ತಿರುವುತ್ತ ಅವಳು ಏನೋ ಮಾತಾಡುವುದು ಬಾವಿಯ ತನಕ ಕೇಳುತ್ತಿತ್ತು. ನಾನು ಬಾವಿಯ ದಂಡೆಗೆ ಕುಂತು ಕೆಳಗೆ ಬಗ್ಗಿ ಚೇಷ್ಟೆ ಮಾಡಿದೆ.

"ಮಾಮಾ, ರತ್ನಾಗಿರಿ ಬಂತೇನು?"

"ಇನ್ನೂ ದೂರ ಐತಿ! ನೀ ದೋಣ್ಯಾಗ ಎದ್ದ ನಿಂದರಬ್ಯಾಡ!"

ಅರ್ಧ ತಾಸಾದ ಮೇಲೆ ಮಿಸ್ತ್ರಿ ಎದ್ದು ಬಂದು, ಇನ್ನು ಸಾಕು, ಮೇಲೆ ಬರ್ರಿ, ಸ್ವಲ್ಪ ತಂಪಾಗಲಿ ಎಂದು ಕೂಗಿದ. ಎಷ್ಟು ಸಾಲು ಉಳಿದಿವೆಯೆಂದು ಮಾಮಾ ಕೇಳಿದ. ಹತ್ತು ಅಂದೆ. "ಮುಗಿಸಿ ಬರತೀನಿ. ಕಂದೀಲ ಚಲೋ ಉರ್ಯಾಕತ್ತೈತಿ." ಮತ್ತೆ ಸ್ವಲ್ಪ ಹೊತ್ತಿಗೆ ಮಿಸ್ತ್ರಿ ಕೂಗಿದ. "ತಲಿ ಸ್ವಲ್ಪ ನೋಯತೈತಿ, ಏನಾಗೂದಿಲ್ಲ" ಎಂಬ ಉತ್ತರ ಬಂತು. ಮೂರನೆಯ ಸಲ ಕೂಗಿದಾಗ ಉತ್ತರ ಬಂತೋ, ಎಂಜಿನ್ ಸದ್ದಿನಲ್ಲಿ ಮುಳುಗಿತೋ, ನನಗೆ ಗೊತ್ತಿಲ್ಲ. ಅದೊಂದು ನನಗೆ ಗೊತ್ತಿರಬೇಕಾಗಿತ್ತು.

ಎಂಜಿನ್ ನಾಲ್ಕು ಸಲ ಬಿಕ್ಕಿ ನಿಂತಿತು.

"ಸ್ಪ್ರಿಂಗ್ ಕಡೀತು ನೋಡ್ರಿ!" ಎಂದೆ ನಾನು.

ಎಲ್ಲರೂ ನಕ್ಕರು. ಎಲ್ಲರನ್ನೂ ನಗಿಸಿದ ಆ ಮಾತು ಇಷ್ಟು ವರ್ಷವಾದರೂ ನನ್ನ ಕಿವಿ ಬಿಟ್ಟು ಹೋಗಿಲ್ಲ. ಎಷ್ಟೋ ಸಲ ಪಾಠ ಮಾಡುವಾಗ ಹುಡುಗರು ಒಮ್ಮೆಲೆ ನಕ್ಕರೆ ಅದೇ ಕೇಳಿದಂತಾಗಿ ಪಾಠ ಅಲ್ಲಿಗೇ ನಿಲ್ಲುತ್ತದೆ.

ನಗದವನು ಮಿಸ್ತ್ರಿ ಒಬ್ಬನೇ. ಕೈಯಲ್ಲಿದ್ದ ರೊಟ್ಟಿ ಒಗೆದು, ಧೋತರದ ತುದಿಯನ್ನು ಬಾಯಿಗೆ ಒತ್ತಿಕೊಂಡು ಮೆಟ್ಟಿಲು ಇಳಿದ. ಹಗ್ಗ ಹಗ್ಗ ಎಂದು ಕೂಗಿದ. ಆರು ಜನ ಕೂಡಿ ಜಗ್ಗಿ ಮಾಮಾನನ್ನು ಮೇಲೆ ತಂದು ಮಲಗಿಸಿದೆವು. ಮುಖ ಕೆಂಪಗಿತ್ತು, ಬಿಸಿಲಲ್ಲಿ ಒಂದು ಸುತ್ತು ಓಡಿ ಬಂದವನ ಹಾಗೆ. ಕರೆದರೆ ಓ ಅನ್ನಲಿಲ್ಲ. ಕೆಳಗೆ ಕಂದೀಲು ಇನ್ನೂ ಉರಿಯುತ್ತಿತ್ತು. ಅಷ್ಟರಲ್ಲಿ ಅತ್ತಿ ಸಲಿಕೆ ಹೆಗಲಿಗಿಟ್ಟುಕೊಂಡು, "ಯಾಕ್ರಿ ನಿಲ್ಲಿಸಿದ್ರಿ? ಇನ್ನ ಎರಡ ಸಾಲ ಉಳದಾವಲ್ಲ" ಅನ್ನುತ್ತ ಬಂದಳು.

ಮೀರಜದ ದವಾಖಾನೆಯಲ್ಲಿ ಹನ್ನೊಂದು ದಿನ ಇದ್ದೆವು. ಎಂಜಿನ್ ಹೊಗೆಯಲ್ಲಿರುವ ವಿಷಕ್ಕೆ ದೀಪ ಆರುವುದಿಲ್ಲ, ಅದಕ್ಕೆ ವಾಸನೆಯೂ ಇಲ್ಲ ಎಂದು ಡಾಕ್ಟರರು ಹೇಳಿದರು. ನಮ್ಮ ಹಿರಿಯರ ಬಾವಿಯಲ್ಲಿ ಎಂಜಿನ್ ಇರಲಿಲ್ಲವಲ್ಲ, ಅವರ ಕಂದೀಲಿಗೆ ಇದು ಹೆಂಗೆ ಗೊತ್ತಾಗಬೇಕು? ಜೀವ ಉಳಿಯುತ್ತದೆ, ಬುದ್ಧಿ ಎಷ್ಟು ಮರಳುತ್ತದೋ ಹೇಳಲಿಕ್ಕೆ ಬರುವುದಿಲ್ಲ ಎಂದೂ ಹೇಳಿದರು. ಅತ್ತಿ ಪಡಸಾಲೆಯ ಕಂಬಕ್ಕೆ ತಲೆ ಕೊಟ್ಟು ಕುಂತು, ನಾನು ಎಂದೂ ಕೇಳಿರದ ದನಿಯಲ್ಲಿ ಅತ್ತಳು. "ಬಳ್ಳಿ ಸತ್ರ ಮತ್ತ ಹಚ್ಚತಿದ್ನೆಲ್ಲೋ ಮಾಸ್ತರ! ಗಂಗಾಳದಾಗ ಎಲಿ ಯಾಕ ಇಟ್ಟೆ ನಾ? ಮಕ್ಕಳಿಲ್ಲ ಅಂತ ಇಳದ್ರು ನೋಡು. ನಾ ಇದ್ನೆಲ್ಲ? ನಾ ಯಾರಿಗೂ ಲೆಕ್ಕಕ್ಕಿಲ್ಲೇನು?" ಮಿಸ್ತ್ರಿಯನ್ನು ಕರೆಸಿದವನು ನಾನು, ಕರೆಸಿದ ಮೇಲೆ ಅವನನ್ನು ನೆರಳಿಗೆ ಕೂಡಿಸಿದವನು ಮಾಮಾ. ಯಾರನ್ನೂ ಕರೆಯದ ಅವನ ಸ್ವಭಾವವನ್ನು ಇಷ್ಟು ವರ್ಷ ನಾನು ಹಮ್ಮು ಎಂದು ತಿಳಿದಿದ್ದೆ. ಹಮ್ಮಲ್ಲ ಎಂಬುದಷ್ಟೇ ಈಗ ಗೊತ್ತು, ಏನೆಂಬುದು ಇನ್ನೂ ಗೊತ್ತಿಲ್ಲ.

ಕೊನೆಯ ಎರಡು ಸಾಲು ಬಿಟ್ಟು ಬಾಕಿ ತೋಟವೆಲ್ಲ ಉಳಿಯಿತು. ಮಿಸ್ತ್ರಿ ಹೇಳಿದ ನಾಲ್ಕನೆಯ ದಿನಕ್ಕೆ ಸರಿಯಾಗಿ ಸ್ಪ್ರಿಂಗ್ ತಂದು ಹಾಕಿ, ಹೊಗೆ ಕೊಳವೆಯನ್ನೂ ಕಿತ್ತು ಹೊಸದು ಕೂಡಿಸಿದನಂತೆ. ಆಮೇಲೆ ಕರೆಯದಿದ್ದರೂ ತಿಂಗಳಿಗೊಮ್ಮೆ ಬರುತ್ತಾನೆ. ಅವನು ಸಾಮಾನು ಮೇಲೆ ತಂದು ಜೋಡಿಸುವಾಗ ಮಾಮಾ ಬಾವಿಯ ಮಗ್ಗುಲಲ್ಲಿ ಹೊರಸಿನ ಮೇಲೆ ಕುಂತು ನೋಡುತ್ತಾನೆ. "ನಿಮಗ ಭಾಳ ಚಲೋ ಕೆಲಸ ಬರತೈತ್ರಿ. ನನಗ ಏನೂ ಬರೂದಿಲ್ಲ ನೋಡ್ರಿ" ಎನ್ನುತ್ತಾನೆ. ಮಿಸ್ತ್ರಿ ಮುಖ ತಿರುವಿಕೊಂಡು ಬೋಲ್ಟ್ ಬಿಗಿಯುತ್ತಾನೆ.

ಈಗ ಮಾಮಾ ದಿನವೆಲ್ಲ ಜನರನ್ನು ಕರೆಯುತ್ತಾನೆ. ನೀರು ಬೇಕೆಂದರೆ, ಮೂಗಿನ ಮೇಲೆ ನೊಣ ಕುಂತರೆ, ಚಪ್ಪಲಿ ಯಾವ ಕಾಲಿನದೆಂದು ತಿಳಿಯದಿದ್ದರೆ, "ಯಾರರೆ ಬರ್ರೆಪಾ ಇಲ್ಲಿ" ಎಂದು ಕೂಗುತ್ತಾನೆ. ಅವನಿಗೆ ಎರಡನೆಯ ಸಲ ಕೂಗುವ ಪ್ರಸಂಗ ಬರಗೊಡುವುದಿಲ್ಲ ನಾವು. ಅತ್ತಿ ಸಲಿಕೆ ಬಿಟ್ಟು ಓಡಿ ಬರುತ್ತಾಳೆ. ಓಣಿಯವರು ಬರುತ್ತಾರೆ.

ನಿನ್ನೆ ಸಾಲಿ ಬಿಟ್ಟು ಬಂದಾಗ ಅಂಗಿಯ ಗುಂಡಿಗಳ ಜೋಡಿ ಗುದ್ದಾಡುತ್ತ ಕುಂತಿದ್ದ. ನನ್ನನ್ನು ಕರೆದ. ನಾನು ಮುಂದೆ ಕುಂತು ಒಂದೊಂದಾಗಿ ಹಾಕಿದೆ. ಮಾಮಾ ನನ್ನ ಕೈಯನ್ನೇ ನೋಡುತ್ತಿದ್ದ. ಮುಗಿದ ಮೇಲೆ ಕಿಸೆ ತಡಕಾಡಿದ.

"ಭಾಳ ಚಲೋ ಹಾಕಿದ್ರಿ. ನಿಮಗ ಏನ ಕೊಡ್ಲಿ?"

"ಏನೂ ಬ್ಯಾಡೋ ಮಾಮಾ."

ಕಿಸೆಯಿಂದ ಕೈ ತೆಗೆದ. ಆಮೇಲೆ ಅಳುಕುತ್ತ, ಇಲ್ಲ ಅಂದಾನೇನೋ ಎಂಬಂತೆ ಕೇಳಿದ:

"ಹಂಗಂದ್ರ ನೀವು ನಮ್ಮ ಮನಿಯವರೇನ್ರಿ?"

"ಹೌದೋ ಮಾಮಾ" ಅಂದೆ. "ನಿನ್ನ ಮನಿಯಾಂವನೇ ನಾ."